ಹಾಲನ ತಲೆಯ ಕರೆಂಟು

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಮಂಕಿ ಟೋಪಿ. ಊಟಿ ಮಾರುಕಟ್ಟೆಯ ಹೊರಗೆ ರಸ್ತೆಬದಿಯಲ್ಲಿ ಗುಡ್ಡೆ ಹಾಕಿ ಮಾರುತ್ತಾರಲ್ಲ, ನೋಡಿದರೆ ಉಣ್ಣೆ, ಮೂಸಿದರೆ ಪ್ಲಾಸ್ಟಿಕ್ಕು, ಅಂಥದ್ದು. ಜನವರಿಯ ಒಣ ಚಳಿಗೆ ಹೆದರಿ ಹಾಲ ಅದನ್ನು ಕೊಂಡುಕೊಂಡ. ಕೊಂಡದ್ದು ತಪ್ಪಲ್ಲ. ಅದನ್ನು ಹಾಕಿಕೊಂಡು ಹೆಣ್ಣು ನೋಡಲು ಹೋದದ್ದು ತಪ್ಪು.

ಹಾಲ ಸೋಲೂರಿನ ಕಡೆಯ ಒಂದು ಹಟ್ಟಿಯವನು. ನೀಲಗಿರಿ ಬೆಟ್ಟದ ಬಡಗರು, ಅಂದರೆ ಹಾಲನ ಜನ, ತಮ್ಮ ಹಳ್ಳಿಯನ್ನು ಹಟ್ಟಿ ಎನ್ನುತ್ತಾರೆ. ಮನೆಯ ಹಿಂದೆ ಅಂಗೈಯಗಲದ ಟೀ ತೋಟ, ಅದು ಸಾಲದೆಂದು ಹತ್ತಿರದ ಟೀ ಫ್ಯಾಕ್ಟರಿಯಲ್ಲಿ ಕೆಲಸ. ವಯಸ್ಸು ಮೂವತ್ತೈದು ದಾಟಿ, ಯಾರಾದರೂ ಕೇಳಿದರೆ ಮೂವತ್ತೆರಡು ಎಂದು ಹೇಳುವ ಹಂತಕ್ಕೆ ಬಂದಿತ್ತು. ಬಂದ ಸಂಬಂಧಗಳೆಲ್ಲ ಬಂದ ದಾರಿಯಲ್ಲೇ ಹೋಗಿದ್ದವು. ಒಬ್ಬಳಿಗೆ ಕೊಯಮತ್ತೂರಿನ ವರ ಬೇಕಿತ್ತು, ಇನ್ನೊಬ್ಬಳಿಗೆ ಚಳಿಯಿಲ್ಲದ ಊರು ಬೇಕಿತ್ತು, ಮತ್ತೊಬ್ಬಳ ತಂದೆಗೆ ಹಾಲನ ತಂದೆಯ ಜೊತೆ ಯಾವುದೋ ಕಾಲದ ಬೇಲಿ ಜಗಳವಿತ್ತು.

ಆಗ ಕೂಡಿಬಂದದ್ದು ಲವ್‌ಡೇಲ್ ಆಚೆಯ ಹಟ್ಟಿಯ ಸರಣ್ಯಾಳ ಸಂಬಂಧ. ಕುನ್ನೂರಿನ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ, ಭಾನುವಾರ ಮನೆಗೆ ಬರುತ್ತಾಳೆ. ಹೆಣ್ಣು ನೋಡಲು ಹೋದ ದಿನ ಕಾಫಿ ಲೋಟ ಕೊಡುತ್ತ ಅವಳು ಹಾಲನ ಮುಖವನ್ನೇ ದಿಟ್ಟಿಸಿ, "ನಿಮ್ಮ ಮೀಸೆ ತುಂಬಾ ಟೀ ಪುಡಿ. ಬಿಸಿನೀರು ಹಾಕಿದ್ರೆ ಒಂದು ಲೋಟ ಆಗುತ್ತೆ" ಎಂದಳು. ಹೇಳಿ, ನಕ್ಕಳು. ಹಾಲ ಕಾಫಿಯನ್ನು ಪ್ಯಾಂಟಿನ ಮೇಲೆ ಚೆಲ್ಲಿಕೊಂಡ. ಮದುವೆಯಾದರೆ ಇವಳನ್ನೇ ಎಂದು ಅವನು ತೀರ್ಮಾನಿಸಿದ್ದು ಆ ಬಿಸಿ ಆರುವ ಮೊದಲೇ.

ಇನ್ನು ಉಳಿದದ್ದು ಚಿನ್ನಿ ಹೆತ್ತೆಯ ಒಪ್ಪಿಗೆ. ಹೆತ್ತೆ ಎಂದರೆ ಅಜ್ಜಿ, ಇವರು ಸರಣ್ಯಾಳ ಅಜ್ಜಿ. ಆ ಮನೆಯಲ್ಲಿ ಟೀ ಸೊಪ್ಪು ಯಾವ ಫ್ಯಾಕ್ಟರಿಗೆ ಹಾಕಬೇಕೆಂಬುದರಿಂದ ಹಿಡಿದು ಯಾರ ಮಗಳನ್ನು ಯಾರಿಗೆ ಕೊಡಬೇಕೆಂಬುದರವರೆಗೆ ಎಲ್ಲಕ್ಕೂ ಅವರದೇ ಕೊನೆಯ ಮಾತು. ಬಡಗರಲ್ಲಿ ಕಿರಿಯರು ಹಿರಿಯರ ಎದುರು ತಲೆ ಬಾಗಿಸಿ ನಿಲ್ಲಬೇಕು, ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು ಹರಸಬೇಕು. ದಾರಿಯಲ್ಲಿ ಸಿಕ್ಕರೂ ಹೀಗೇ, ಮನೆಗೆ ಬಂದರೂ ಹೀಗೇ. ಟೋಪಿ ಇದ್ದರೆ ತೆಗೆಯಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಂದು ಹೊರಡುವ ಮೊದಲು ಹೆತ್ತೆಯ ಎದುರು ಹಾಲ ಭಕ್ತಿಯಿಂದಲೇ ಟೋಪಿಯನ್ನು ಸರ್ರನೆ ಎಳೆದು ತೆಗೆದ. ತಲೆಯ ಮೇಲೆ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದಾಯಿತು, ಕೂದಲೆಲ್ಲ ನೆಟ್ಟಗೆ ಎದ್ದು ನಿಂತಿತು. ಅದೇ ಸ್ಥಿತಿಯಲ್ಲಿ ತಲೆ ಬಾಗಿಸಿದ. ಹೆತ್ತೆ, "ಬದುಕಿ ಬಾಳು ಮಗಾ" ಎನ್ನುತ್ತ ಕೈ ಚಾಚಿದರು. ಬೆರಳು ಇನ್ನೂ ಕೂದಲಿಗೆ ತಾಗಿರಲಿಲ್ಲ.

ಚಟ್!

ಹೆತ್ತೆ ಕೈಯನ್ನು ಹಿಂದಕ್ಕೆಳೆದುಕೊಂಡರು. ತಮ್ಮ ಬೆರಳನ್ನು ನೋಡಿಕೊಂಡರು, ಹಾಲನ ತಲೆಯನ್ನು ನೋಡಿದರು, ಮತ್ತೆ ಬೆರಳನ್ನು ನೋಡಿಕೊಂಡರು. ಆಮೇಲೆ ಆ ಬೆರಳನ್ನು ಹಿಡಿದುಕೊಂಡೇ ಒಳಗೆ ಹೋಗಿಬಿಟ್ಟರು.

"ಏನೋ ಮಾಡ್ದೆ ಹೆತ್ತೆಗೆ?" ಎಂದು ಪಿಸುಗುಟ್ಟಿದ್ದು ಜೊತೆಗೆ ಹೋಗಿದ್ದ ಸೋದರಮಾವ ನಂಜುಂಡನ್.

"ನಾನೇನೂ ಮಾಡ್ಲಿಲ್ಲ ಮಾಮ. ತಲೆ ಬಗ್ಗಿಸ್ದೆ ಅಷ್ಟೆ."

ಅವರು ಊರಿಗೆ ಮರಳುವ ಮೊದಲೇ ಸುದ್ದಿ ಮರಳಿತ್ತು. ಹಾಲನ ತಲೆಗೆ ಹಿರಿಯರ ಹರಕೆ ಹತ್ತುವುದಿಲ್ಲವಂತೆ, ಇಟ್ಟ ಕೈಯನ್ನೇ ಒದ್ದು ಕಳಿಸುತ್ತದಂತೆ. ವಾರವಿಡೀ ಹೆಣ್ಣಿನ ಮನೆಯಿಂದ ಹೂಂ ಇಲ್ಲ, ಊಹೂಂ ಇಲ್ಲ. ಹಾಲನಿಗೆ ಅನ್ನ ಸೇರಲಿಲ್ಲ. ಶನಿವಾರ ಸಂಜೆ ಮಾಮನ ಮೂಲಕ ಒಂದು ಮಾತು ಬಂತು: "ಆ ಹುಡುಗನ್ನ ನಾಳೆ ಕರ್ಕೊಂಡು ಬನ್ನಿ. ಹೆತ್ತೆ ಇನ್ನೊಂದು ಸಲ ತಲೆ ಮುಟ್ಟಿ ನೋಡ್ಬೇಕಂತೆ."

"ಪರೀಕ್ಷೆ ಇದು," ಎಂದರು ಮಾಮ ಫೋನಿನಲ್ಲಿ. "ಇನ್ನೊಂದು ಸಲ ಚಟ್ ಅಂದ್ರೆ ಸಂಬಂಧ ಕಟ್. ಏನ್ ಮಾಡ್ತೀಯೋ ಗೊತ್ತಿಲ್ಲ, ನಾಳೆ ಆ ತಲೆ ಸುಮ್ನಿರ್ಬೇಕು."

ಭಾನುವಾರ ಬೆಳಿಗ್ಗೆ ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಬೆಳ್ಳಗೆ ಗಟ್ಟಿಯಾಗಿ ಕೂತಿರುವಾಗಲೇ ಹಾಲ ಫ್ಯಾಕ್ಟರಿಗೆ ಓಡಿದ. ಕೆಲಸ ಬೇರೆಯವರಿಗೆ ಒಪ್ಪಿಸಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಯಾರಾದರೂ ಧೈರ್ಯ ಹೇಳಲಿ ಎಂದಿತ್ತು.

ಅವನ ಕೆಲಸ ಫೈಬರ್ ಮೆಶೀನಿನ ಮೇಲೆ. ಸಣ್ಣವರಿದ್ದಾಗ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತುತ್ತಿದ್ದೆವಲ್ಲ, ಆ ಮೆಶೀನು ಮಾಡುವುದೂ ಅದನ್ನೇ. ಪ್ಲಾಸ್ಟಿಕ್ ಉರುಳೆಗಳು ಉಣ್ಣೆಯ ಪಟ್ಟಿಗೆ ಉಜ್ಜಿಕೊಂಡು ತಿರುಗುತ್ತವೆ. ಕೆಳಗೆ ಟೀ ಪುಡಿ ಹರಿದು ಹೋಗುವಾಗ ಅದರಲ್ಲಿರುವ ನಾರು, ಕಡ್ಡಿಗಳೆಲ್ಲ ಎದ್ದು ಉರುಳೆಗೆ ಅಂಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಮೆಶೀನು ಸೋಮಾರಿ. ಚಳಿಗಾಲದ ಒಣ ಹವೆಯಲ್ಲಿ ಅದಕ್ಕೆ ರಾಕ್ಷಸ ಶಕ್ತಿ ಬರುತ್ತದೆ.

ಪುಡಿ ಜರಡಿ ಹಿಡಿಯುವ ವಳ್ಳಿ ಅವನ ಕತೆ ಕೇಳಿ ಕೆನ್ನೆಗೆ ಕೈ ಹಚ್ಚಿದಳು. "ಅಣ್ಣಾ, ನಾನು ಅವತ್ತೇ ಹೇಳ್ಲಿಲ್ವಾ? ಇಷ್ಟು ವರ್ಷ ಆ ಮೆಶೀನ್ ಪಕ್ಕ ನಿಂತು ನಿಂತು ಅದು ನಿಮ್ಮ ಮೈಗೆ ಹತ್ಕೊಂಡಿದೆ. ತಾಳಿ, ನೋಡೇಬಿಡೋಣ."

ಹಾಲ ಬೇಡ ಎನ್ನುವಷ್ಟರಲ್ಲಿ ಅವಳು ಒಂದು ಹಿಡಿ ನಾರು ತಂದು ಅವನ ನೈಲಾನ್ ಜಾಕೆಟಿನ ಹತ್ತಿರ ಹಿಡಿದಳು. ನಾರು ಹಾರಿ ಹೋಗಿ ಅವನ ಎದೆಗೆ ಅಂಟಿತು. ಇನ್ನೊಂದು ಹಿಡಿ ತಂದಳು, ಅದು ಬೆನ್ನಿಗೆ ಅಂಟಿತು. ಜರಡಿಯ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ಒಬ್ಬೊಬ್ಬರಾಗಿ ನಾರು ಹಿಡಿದು ನೋಡತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ಹಾಲ ಕರಡಿಯ ಹಾಗಾದ.

"ಈ ಮೈಯಲ್ಲಿ ಹೆಣ್ಣಿನ ಮನೆಗೆ ಹೋಗ್ತೀರಾ?" ಎಂದಳು ವಳ್ಳಿ. "ಆ ಅಜ್ಜಿ ಉಳಿಯಲ್ಲ ಅಣ್ಣಾ."

ಹಾಲ ಅಳುವ ಹಾಗಾಗಿದ್ದಾಗ ಬಂದವನು ಗಿರಿಧರನ್. ಫ್ಯಾಕ್ಟರಿಯ ಎಲೆಕ್ಟ್ರಿಷಿಯನ್. ಹಾಲನ ಶಾಲೆಯ ಗೆಳೆಯ, ಹಟ್ಟಿ ಮಾತ್ರ ಬೇರೆ. ಐಟಿಐ ಓದಿದ್ದರಿಂದ ಜಗತ್ತಿನ ಎಲ್ಲ ತೊಂದರೆಗೂ ಎರಡೇ ಕಾರಣ ಎಂದು ನಂಬಿದ್ದವನು: ಒಂದೋ ಫ್ಯೂಸ್ ಹೋಗಿದೆ, ಇಲ್ಲವೇ ಅರ್ತಿಂಗ್ ಸರಿಯಿಲ್ಲ. ಹಾಲನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೆಸ್ಟರನ್ನು ಅವನ ಮೂಗಿಗೆ ತಾಗಿಸಿ ನೋಡಿ, ತೀರ್ಪು ಕೊಟ್ಟ.

"ಫ್ಯೂಸ್ ಹೋಗಿಲ್ಲ. ಅರ್ತಿಂಗ್ ಇಲ್ಲ."

"ಹಾಗಂದ್ರೆ?"

"ಉಜ್ಜಿ ಉಜ್ಜಿ ಹುಟ್ಟಿದ ಕರೆಂಟು ನಿನ್ನ ಮೈಯಲ್ಲಿ ಕೂತಿದೆ. ಇಳಿಯೋಕೆ ದಾರಿ ಇಲ್ಲ, ಕಾಲಿಗೆ ರಬ್ಬರ್ ಬೂಟು ಬೇರೆ. ಹೆತ್ತೆ ಕೈ ಇಟ್ರೆ ಅವ್ರೇ ದಾರಿ. ಪೆಟ್ರೋಲ್ ಲಾರಿ ಹಿಂದೆ ಒಂದು ಸರಪಳಿ ನೆಲಕ್ಕೆ ಉಜ್ಜುತ್ತಾ ಹೋಗುತ್ತಲ್ಲ, ಯಾಕೆ ಅಂದ್ಕೊಂಡೆ?"

"ನಾನು ಲಾರಿನಾ?" ಎಂದ ಹಾಲ.

"ನಿನಗೆ ಸರಣ್ಯಾ ಬೇಕಾ, ಬೇಡ್ವಾ?"

ಬೇಕಿತ್ತು. ಆದ್ದರಿಂದ ಜನರೇಟರ್ ಶೆಡ್ಡಿನ ಹಳೆಯ ಸರಪಳಿಯೊಂದು ಹಾಲನ ಸೊಂಟಕ್ಕೆ ಬಂತು. ಗಿರಿಧರನ್ ಅದನ್ನು ನಟ್ಟು ಬೋಲ್ಟು ಹಾಕಿ, ಸ್ಪ್ಯಾನರಿನಲ್ಲಿ ಬಿಗಿದು, ಸ್ಪ್ಯಾನರನ್ನು ತನ್ನ ಜೇಬಿಗೆ ಹಾಕಿಕೊಂಡ. ಮಾರುದ್ದದ ಸರಪಳಿ ಹಾಲನ ಹಿಂದೆ ಗಲಗಲ ಎನ್ನುತ್ತ ನೆಲದ ಮೇಲೆ ಹರಿದು ಬಂತು. ಅಷ್ಟಕ್ಕೇ ಬಿಡಲಿಲ್ಲ. ಹಾಲನ ಮೊಬೈಲನ್ನೂ ಕಿತ್ತುಕೊಂಡು ಸ್ವಿಚ್ ಆಫ್ ಮಾಡಿದ.

"ಡೇಯ್, ಅದ್ಯಾಕೆ?"

"ಅದೂ ಕರೆಂಟೇ. ಇವತ್ತೊಂದು ದಿನ ನಿನಗೂ ಕರೆಂಟಿಗೂ ಯಾವ ಸಂಬಂಧವೂ ಬೇಡ. ನಡಿ, ನಾನೂ ಬರ್ತೀನಿ. ಲೈನ್ ಮೇಲೆ ಕೆಲಸ ಇರುವಾಗ ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ಇರ್ಬೇಕು."

ಸೋಲೂರಿನ ಬಸ್ ನಿಲ್ದಾಣದ ಎದುರು ಕೆಂಪಾಜಮ್ಮನ ಅಂಗಡಿ. ಚಾಮರಾಜನಗರದ ಕಡೆಯಿಂದ ಗಂಡನ ಜೊತೆ ಬೆಟ್ಟ ಹತ್ತಿ ಬಂದು, ಕ್ಯಾರೆಟ್ಟು ಬೆಳೆದು, ಆಮೇಲೆ ಅಂಗಡಿ ಹಾಕಿದ ಹೆಂಗಸು. ಆಕೆಯ ಕಣ್ಣು ತಪ್ಪಿಸಿ ಆ ಊರಿನಲ್ಲಿ ಯಾರೂ ಬಸ್ಸು ಹತ್ತಿದ್ದಿಲ್ಲ. ಸರಪಳಿ ಎಳೆದುಕೊಂಡು ಹೋಗುವವನು ಹತ್ತುವುದು ಸಾಧ್ಯವೇ?

"ಯಾಕ್ ಮಗ, ಯಾರ್ ಕಟ್ಟಾಕಿದ್ರು ನಿನ್ನ?" ಎಂದು ಆಕೆ ರಸ್ತೆಗೇ ಇಳಿದು ಬಂದಳು.

ಗಿರಿಧರನ್ ಎಲ್ಲವನ್ನೂ ವಿವರಿಸಿದ. ಕೆಂಪಾಜಮ್ಮ ಪೂರ್ತಿ ಕೇಳಿ, ಅವನನ್ನು ಪಕ್ಕಕ್ಕೆ ಸರಿಸಿದಳು.

"ಸರಪಳಿಯಂತೆ, ಬಡ್ಡೆತ್ತಾವು. ತಲೆ ಒಣಗಿದ್ರೆ ಚಟಗುಟ್ದೆ ಇನ್ನೇನು ಮಾಡ್ತದೆ? ಎಣ್ಣೆ ಕಂಡು ಯಾವ ಕಾಲ ಆಯ್ತೋ ಈ ತಲೆ. ಕೂತ್ಕೊ ಮಗ ಇಲ್ಲಿ."

ಹರಳೆಣ್ಣೆ ಬಾಟಲಿ ಬಂತು. ಹಾಲನ ನೆತ್ತಿಯ ಮೇಲೆ ಗಟ್ಟಿ ಎಣ್ಣೆ ನಿಧಾನವಾಗಿ ಇಳಿದು, ಕಿವಿಯ ಹಿಂದೆ ಹರಿದು, ಕಾಲರಿನೊಳಗೆ ಸೇರಿತು. ಆಮೇಲೆ ಆಕೆಯ ಕಣ್ಣು ಜಾಕೆಟಿನ ಮೇಲೆ ಬಿತ್ತು.

"ಇದೂ ಪ್ಲಾಸ್ಟಿಕ್ಕು, ಪ್ಯಾಂಟೂ ಪ್ಲಾಸ್ಟಿಕ್ಕು. ಬಿಚ್ಚು. ನಮ್ಮನೆಯವರ್ದು ಹತ್ತಿ ಪಂಚೆ, ಹತ್ತಿ ಶರ್ಟು ಅದೆ. ಬೂಟೂ ಬುಡು. ಬರಿಗಾಲಲ್ಲಿ ಭೂಮ್ತಾಯಿ ಮೇಲೆ ನಿಂತ್ಕೊಂಡೋನಿಗೆ ಯಾವ ಕರೆಂಟೂ ಏನೂ ಮಾಡಾಕಿಲ್ಲ ಕನಪ್ಪ."

"ಚಳಿ ಕೆಂಪಾಜಮ್ಮಾರೇ..."

"ಮದ್ವೆ ಆದ್ಮೇಲೆ ಬೆಚ್ಚಗಿರು, ಯಾರು ಬ್ಯಾಡ ಅಂದೋರು!"

ಹೀಗೆ ಊಟಿ ಬಸ್ಸು ಹತ್ತಿದ ಹಾಲನನ್ನು ಹೆತ್ತ ತಾಯಿಯೂ ಗುರುತಿಸುತ್ತಿರಲಿಲ್ಲ. ಮಂಡಿಯ ತನಕ ಮಾತ್ರ ಬರುವ ಪಂಚೆ, ಎಣ್ಣೆ ಸೋರುವ ತಲೆ, ನೀಲಿಗಟ್ಟಿದ ಪಾದ, ಹಿಂದೆ ಸರಪಳಿ. ಪಕ್ಕದಲ್ಲಿ ಗಿರಿಧರನ್ ದಪ್ಪ ಜಾಕೆಟು, ಕಿವಿ ಮುಚ್ಚುವ ಟೋಪಿ, ಉಣ್ಣೆಯ ಕಾಲುಚೀಲ ಹಾಕಿಕೊಂಡು ಬೆಚ್ಚಗೆ ಕೂತು, "ಹೇಗಿದೆ ಈಗ? ಮೈ ಹಗುರ ಅನ್ಸುತ್ತಾ?" ಎಂದು ವಿಚಾರಿಸುತ್ತಿದ್ದ. ಹಾಲನ ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಉತ್ತರ ಬರಲಿಲ್ಲ. ಹಿಂದಿನ ಸೀಟಿನ ಮುದುಕಿಯೊಬ್ಬಳು ಇವನು ಯಾವುದೋ ದೊಡ್ಡ ಹರಕೆ ಹೊತ್ತವನು ಎಂದುಕೊಂಡು, ದಾರಿಯುದ್ದಕ್ಕೂ ಕೈಮುಗಿದೇ ಕೂತಿದ್ದಳು.

ಊಟಿ ನಿಲ್ದಾಣದಲ್ಲಿ ಹಾಲ ಇಳಿದ. ಸರಪಳಿ ಇಳಿಯಲಿಲ್ಲ. ಅದರ ತುದಿ ಕ್ಯಾರೆಟ್ ಮೂಟೆಯೊಂದರ ಅಡಿಗೆ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ಬಸ್ಸು ಡಿಪೊ ಕಡೆ ಹೊರಟಿತು. ಹಾಲನೂ ಹೊರಟ, ಬೇರೆ ದಾರಿಯಿರಲಿಲ್ಲ. ಒಂದು ಕೈಯಲ್ಲಿ ಪಂಚೆ, ಇನ್ನೊಂದು ಕೈಯಲ್ಲಿ ಸರಪಳಿ ಹಿಡಿದು ಬಸ್ಸಿನ ಪಕ್ಕ ಬರಿಗಾಲಲ್ಲಿ ಓಡುವ ಅವನನ್ನು ಪ್ರವಾಸಿಗಳು ಮೊಬೈಲಿನಲ್ಲಿ ಸೆರೆಹಿಡಿದರು. "ನಿಲ್ಸಿ! ನಿಲ್ಸಿ!" ಎಂದು ಗಿರಿಧರನ್ ಹಿಂದೆ ಓಡಿದ. ಬಸ್ಸು ನಿಂತಿತು. ಆದರೆ ಅಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ನಿಂತಿದ್ದರು.

ಕಾನ್‌ಸ್ಟೇಬಲ್ ಮೊದಲು ಸರಪಳಿ ನೋಡಿದರು, ಆಮೇಲೆ ಮನುಷ್ಯನನ್ನು ನೋಡಿದರು. "ಎಲ್ಲಿಂದ ತಪ್ಪಿಸ್ಕೊಂಡು ಬಂದೆ ತಂಬಿ?"

"ತಪ್ಪಿಸ್ಕೊಂಡಿಲ್ಲ ಸಾರ್, ಹೆಣ್ಣಿನ ಮನೆಗೆ ಹೋಗ್ತಿದ್ದೀನಿ."

"ಹೆಣ್ಣಿನ ಮನೆಗಾ? ಈ ಸರಪಳಿಯಲ್ಲಾ?"

"ಇವನ ತಲೆಯಲ್ಲಿ ಕರೆಂಟ್ ಇದೆ ಸಾರ್," ಎಂದು ಗಿರಿಧರನ್ ಏದುಸಿರು ಬಿಡುತ್ತ ಬಂದ. "ನಾನು ಎಲೆಕ್ಟ್ರಿಷಿಯನ್. ಸರಪಳಿ ನಾನೇ ಹಾಕಿದ್ದು, ಕರೆಂಟು ಇಳೀಲಿ ಅಂತ."

ಕಾನ್‌ಸ್ಟೇಬಲ್ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. ಹುಚ್ಚು ಯಾರಿಗೆ ಎಂಬುದು ಗೊತ್ತಾಗಲಿಲ್ಲ. ಕೊನೆಗೆ ಲಾಠಿಯ ತುದಿಯಿಂದ ಹಾಲನ ತಲೆಯನ್ನು ಮೆಲ್ಲಗೆ ಮುಟ್ಟಿದರು. ಏನೂ ಆಗಲಿಲ್ಲ. ಧೈರ್ಯ ಬಂದು ಬೆರಳಿನಿಂದ ಮುಟ್ಟಿದರು. ಆಗಲೂ ಏನೂ ಆಗಲಿಲ್ಲ, ಬೆರಳಿಗೆ ಎಣ್ಣೆ ಹತ್ತಿತು ಅಷ್ಟೆ.

"ಕರೆಂಟೂ ಇಲ್ಲ ಗಿರೆಂಟೂ ಇಲ್ಲ. ಹೋಗ್ರಯ್ಯಾ!" ಎಂದು ಬೆರಳನ್ನು ಗಿರಿಧರನ್ನನ ಜಾಕೆಟಿಗೆ ಒರೆಸಿದರು.

ಗಿರಿಧರನ್ ಹಾಲನನ್ನು ತಬ್ಬಿಕೊಳ್ಳುವುದೊಂದು ಬಾಕಿ. "ನೋಡಿದ್ಯಾ? ಪೊಲೀಸರೇ ಚೆಕ್ ಮಾಡಿ ಪಾಸ್ ಮಾಡಿದ್ರು!" ಹಾಲನಿಗೂ ವಾರದ ನಂತರ ಮೊದಲ ಸಲ ನಗು ಬಂತು. ಚಳಿ ಮರೆತುಹೋಯಿತು. ಸರಣ್ಯಾಳ ಮುಖ ಕಣ್ಣೆದುರು ಬಂತು. ಇನ್ನು ಸ್ವಲ್ಪವೇ ಹೊತ್ತು, ಹೆತ್ತೆಯ ಕೈ ತಲೆಯ ಮೇಲೆ ತಣ್ಣಗೆ ಕೂತುಬಿಟ್ಟರೆ ಎಲ್ಲವೂ ಆದಂತೆಯೇ.

ನಿಲ್ದಾಣದ ಮೂಲೆಯಲ್ಲಿ ಕಾಯುತ್ತಿದ್ದ ನಂಜುಂಡನ್ ಮಾಮ ಈ ಎಲ್ಲವನ್ನೂ ನೋಡಿ, ತಮಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು. ಹಾಲ ಹೋಗಿ ತಲೆ ಬಾಗಿಸಿದಾಗ ಹೆದರುತ್ತಲೇ ಒಂದು ಬೆರಳು ಇಟ್ಟರು. ಸದ್ದಿಲ್ಲ. ಇಡೀ ಅಂಗೈ ಇಟ್ಟರು. ಸದ್ದಿಲ್ಲ.

"ಶರಿ," ಎಂದರು ಮಾಮ. "ನೋಡೋಕೆ ಕಳ್ಳನ ಹಾಗಿದ್ದೀಯ, ಆದ್ರೆ ತಲೆ ಒಳ್ಳೇದಾಗಿದೆ. ನಡಿ."

ಮೂವರೂ ಆಟೊ ಹಿಡಿದು ಲವ್‌ಡೇಲ್ ದಾಟಿ ಹೆಣ್ಣಿನ ಹಟ್ಟಿ ತಲುಪಿದಾಗ ಬಿಸಿಲು ಚೆನ್ನಾಗಿ ಏರಿತ್ತು. ಮನೆಯೊಳಗೆ ಕಾಲಿಡುವ ಮೊದಲೇ ಹಾಲ ನಿಂತುಬಿಟ್ಟ. ಹಿಂದಿನ ಸಲ ಮನೆಯವರಷ್ಟೇ ಇದ್ದರು. ಈಗ ನಡುಮನೆಯ ತುಂಬ ಬಿಳಿ ಮುಂಡು ಉಟ್ಟ ಮುದುಕಿಯರು. ಹೊಸ ಪಾಲಿಯೆಸ್ಟರ್ ಜಮಖಾನದ ಮೇಲೆ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ಗೋಡೆಗೆ ಒರಗಿ, ಎಲ್ಲರೂ ಬಾಗಿಲನ್ನೇ ನೋಡುತ್ತ ಕೂತಿದ್ದರು. ಒಬ್ಬೊಬ್ಬರ ಮುಖದಲ್ಲೂ ಏನನ್ನೋ ಎದುರುನೋಡುವ ಗಂಭೀರ ಕಳೆ.

"ಸಾಕ್ಷಿಗೆ ಇಡೀ ಹಟ್ಟಿಯನ್ನೇ ಕರ್ದಿದ್ದಾರೆ," ಎಂದು ಮಾಮ ಬೆವರೊರೆಸಿಕೊಂಡರು.

"ಹೆದರ್ಬೇಡ," ಎಂದ ಗಿರಿಧರನ್. "ಡಬಲ್ ಅರ್ತಿಂಗ್ ಮಾಡ್ತೀನಿ." ಬಾಗಿಲ ಪಕ್ಕ ನೆಲದಿಂದ ಎದ್ದು ಬಂದ ಕಬ್ಬಿಣದ ನಲ್ಲಿ ಪೈಪಿತ್ತು. ಸರಪಳಿಯ ತುದಿಯನ್ನು ಅದಕ್ಕೆ ಸುತ್ತಿ, ಇನ್ನೊಂದು ಬೋಲ್ಟು ಹಾಕಿ ಬಿಗಿದ. ಬಿಗಿದ ಮೇಲೆ ಗೊತ್ತಾಯಿತು, ಹಾಲ ಹೊಸ್ತಿಲವರೆಗೆ ಮಾತ್ರ ಹೋಗಬಲ್ಲ, ಅದರಾಚೆ ಹೋಗಲಾರ.

"ಪರವಾಗಿಲ್ಲ, ಹೆತ್ತೆ ಬರ್ತಾರೆ ಬಿಡು," ಎಂದು ಗಿರಿಧರನ್ ಬೂಟು ಕಳಚಿ ಒಳಗೆ ನಡೆದ. ಹೆತ್ತೆಗೆ ದಾರಿ ಮಾಡಲೆಂದು ಕಾಲುಚೀಲದಲ್ಲೇ ಜಮಖಾನದ ಮೇಲೆ ಅತ್ತಿತ್ತ ಸರಸರ ಓಡಾಡಿ ಕುರ್ಚಿಗಳನ್ನು ಎಳೆದು ಎಳೆದು ಸರಿಸಿದ. ಇಂಥ ಉಪಕಾರಿ ಗೆಳೆಯ ಎಲ್ಲರಿಗೂ ಸಿಗುವುದಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಸರಣ್ಯಾ ಕಾಣಿಸಿಕೊಂಡಳು. ಹಾಲನ ಎಣ್ಣೆ ತಲೆ, ಪಂಚೆ, ಸರಪಳಿ ನೋಡಿ ಅವಳ ಬಾಯಿ ತೆರೆದೇ ಉಳಿಯಿತು. ಕೈಯಲ್ಲಿ ಫೋನು ಹಿಡಿದು ಏನೋ ಸನ್ನೆ ಮಾಡಿದಳು, ಬೇಡ ಬೇಡ ಎಂಬಂತೆ ತಲೆಯಾಡಿಸಿದಳು. ಹಾಲನಿಗೆ ಅದು ಧೈರ್ಯ ಹೇಳುವ ಹಾಗೆ ಕಂಡಿತು. ಅವನೂ ತಲೆಯಾಡಿಸಿದ.

ಚಿನ್ನಿ ಹೆತ್ತೆ ಎದ್ದು ಬಂದರು. ಹಾಲ ಹೊಸ್ತಿಲಲ್ಲಿ ನಿಂತು ತಲೆ ಬಾಗಿಸಿದ. ಒಳಗಿದ್ದ ಮುದುಕಿಯರೆಲ್ಲ ಕತ್ತು ಚಾಚಿದರು. ಹೆತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು, ಬೆರಳುಗಳನ್ನು ಅಗಲಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಅವನ ತಲೆಯ ಮೇಲೆ ಇಟ್ಟರು.

ಏನೂ ಆಗಲಿಲ್ಲ.

ಹಾಲನ ಎದೆಯಲ್ಲಿ ಬತ್ತಿ ಹಚ್ಚಿದ ಹಾಗಾಯಿತು. ಮಾಮ ಜೋರಾಗಿ ಉಸಿರು ಬಿಟ್ಟು, "ನೋಡಿ ಹೆತ್ತೇ, ಎಷ್ಟು ಸಾಧು ತಲೆ!" ಎಂದರು. ಗಿರಿಧರನ್ ಒಳಗಿನಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ.

ಹೆತ್ತೆ ಕಣ್ಣು ಬಿಟ್ಟರು. ಕೈ ತೆಗೆದು ಮತ್ತೆ ಇಟ್ಟರು. ಒತ್ತಿದರು. ಎಡಗಡೆ ಇಟ್ಟರು, ಬಲಗಡೆ ಇಟ್ಟರು. ಕಲ್ಲಂಗಡಿ ಹಣ್ಣನ್ನು ಬಡಿದು ನೋಡುವ ಹಾಗೆ ಎರಡು ಸಲ ಬಡಿದರು. ಕೊನೆಗೆ ಎಣ್ಣೆ ಮೆತ್ತಿದ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು.

"ಎಲ್ಲಿ?" ಎಂದರು.

"ಏನು ಹೆತ್ತೇ?" ಎಂದ ಹಾಲ, ಬಾಗಿದ ತಲೆ ಎತ್ತದೆ.

"ಆ ಏಟು! ಅವತ್ತು ಕೊಟ್ಯಲ್ಲ, ಅದು ಎಲ್ಲಿ?"

"ಇನ್ಮೇಲೆ ಅದು ಬರಲ್ಲ ಹೆತ್ತೇ. ಪೂರ್ತಿ ತೆಗೆಸಿಬಿಟ್ಟಿದ್ದೀನಿ."

"ತೆಗೆಸಿಬಿಟ್ಯಾ?" ಹೆತ್ತೆಯ ದನಿ ಮೇಲಕ್ಕೇರಿತು. "ಯಾವ ದರಿದ್ರದವ ತೆಗೆದಾ ಅದನ್ನ?"

ಆಮೇಲೆ ಅವರು ತಮ್ಮ ಬಲಗೈಯನ್ನು ಹಾಲನ ಮುಖದೆದುರು ಹಿಡಿದರು. ಟೀ ಸೊಪ್ಪು ಕಿತ್ತು ಕಿತ್ತು ಅವರ ನಡುಬೆರಳು, ಉಂಗುರದ ಬೆರಳು ಕಟ್ಟಿಗೆಯಂತೆ ನಿಂತುಬಿಟ್ಟಿದ್ದವಂತೆ. ಎಷ್ಟು ವರ್ಷವಾಯಿತೋ ಅವರಿಗೇ ಲೆಕ್ಕವಿಲ್ಲ. ಊಟಿಯ ಡಾಕ್ಟರು, ಮೇಟ್ಟುಪಾಳ್ಯದ ಎಣ್ಣೆ, ಯಾವುದಕ್ಕೂ ಬಗ್ಗದ ಬೆರಳುಗಳು ಆ ಭಾನುವಾರ ಹಾಲನ ತಲೆಯಿಂದ ಏಟು ತಿಂದ ರಾತ್ರಿ ತಾವಾಗಿಯೇ ಮಡಿಸಿಕೊಂಡವಂತೆ. ಹೆತ್ತೆ ಮುಷ್ಟಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ತೋರಿಸಿದರು. ಏಟೇ ಕಾರಣವೋ, ಬೆಚ್ಚಿಬಿದ್ದದ್ದು ಕಾರಣವೋ, ಡಾಕ್ಟರರ ಮಾತ್ರೆ ತಡವಾಗಿ ಕೆಲಸ ಮಾಡಿತೋ, ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೆತ್ತೆ ಒಂದು ವಾರ ಸುಮ್ಮನಿದ್ದು, ಬೆರಳು ಮತ್ತೆ ನಿಂತುಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಹೇಳಿ ಕಳಿಸಿದ್ದು.

"ಈ ಹುಡುಗನ್ನೇ ಮನೆ ಅಳಿಯ ಮಾಡ್ಕೋಬೇಕು ಅಂತ ಅವತ್ತೇ ತೀರ್ಮಾನ ಮಾಡ್ದೆ. ಇವರೆಲ್ಲ ಯಾಕೆ ಬಂದವರೆ ಅಂದ್ಕೊಂಡೆ?"

ಮುದುಕಿಯರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮಂಡಿ, ಭುಜ, ಮೊಣಕೈ ತೋರಿಸಿದರು. ಒಬ್ಬಾಕೆ ಕುನ್ನೂರಿನಿಂದ ಬಂದಿದ್ದರು.

"ಬೆಳಿಗ್ಗೆಯಿಂದ ಎಷ್ಟು ಸಲ ಫೋನ್ ಮಾಡ್ದೆ ಗೊತ್ತಾ?" ಸರಣ್ಯಾ ತಡೆಯಲಾರದೆ ಮುಂದೆ ಬಂದಳು. "ಬರೀ ಸ್ವಿಚ್ ಆಫ್! ಅದೇ ಟೋಪಿ ಹಾಕ್ಕೊಂಡು ಬನ್ನಿ ಅಂತ ಹೇಳೋಣ ಅಂದ್ರೆ, ನೀವು ಎಣ್ಣೆ ಸ್ನಾನ ಮಾಡ್ಕೊಂಡು ಬಂದಿದ್ದೀರಲ್ಲ!"

ಹಾಲ ಮೆಲ್ಲಗೆ ಕತ್ತು ತಿರುಗಿಸಿ ಗಿರಿಧರನ್ನನ್ನು ನೋಡಿದ. ಗಿರಿಧರನ್ ಫೋಟೊದಲ್ಲಿದ್ದ ಸರಣ್ಯಾಳ ತಾತನನ್ನು ನೋಡುತ್ತ ನಿಂತಿದ್ದ.

"ನನಗೇನೋ ಅನುಮಾನ," ಎಂದರು ಹೆತ್ತೆ. "ಅವತ್ತು ಬಂದವ ಇವ ಅಲ್ಲ. ಅವ ಟೋಪಿ, ಜಾಕೆಟ್ಟು ಹಾಕ್ಕೊಂಡು ಲಕ್ಷಣವಾಗಿದ್ದ. ಇವ ಯಾರೋ ಸರಪಳ ಕಟ್ಕೊಂಡು ಬಂದವನೆ."

"ನಾನೇ ಹೆತ್ತೇ! ಆ ಹಾಲನೇ ನಾನು! ಒಂದು ಕಂಬಳಿ ಕೊಡಿ, ಉಜ್ಕೊಂಡು ತೋರಿಸ್ತೀನಿ!"

ಯಾರೋ ಕಂಬಳಿ ಎಸೆದರು. ಹಾಲ ತಲೆಗೆ ಹಾಕಿ ಪ್ರಾಣ ಹೋಗುವ ಹಾಗೆ ಉಜ್ಜಿಕೊಂಡ. ಕಂಬಳಿಗೆ ಎಣ್ಣೆಯಾಯಿತು. ಮಾಮ ಬಾಚಣಿಗೆ ಕೊಟ್ಟರು, ಬಾಚಣಿಗೆ ಕೂದಲಿನಲ್ಲಿ ಜಾರಿ ಅಂಗಳಕ್ಕೆ ಹಾರಿತು. ಸರಣ್ಯಾ ತನ್ನ ಸ್ವೆಟರನ್ನೇ ಬಿಚ್ಚಿ ಕೊಟ್ಟಳು. ಅದನ್ನು ನೋಡಿ ಹಾಲನ ಕಣ್ಣಲ್ಲಿ ನೀರು ಬಂತು. ಆದರೆ ಹುಟ್ಟಿದ ಅಷ್ಟಿಷ್ಟು ಕರೆಂಟೂ ಬರಿಗಾಲಿನಿಂದ, ಸರಪಳಿಯಿಂದ, ನಲ್ಲಿ ಪೈಪಿನಿಂದ ನೆಲಕ್ಕಿಳಿದು ಹೋಗುತ್ತಿತ್ತು.

"ಗಿರೀ! ಬಿಚ್ಚೋ ಈ ಸರಪಳಿನ!" ಎಂದು ಹಾಲ ಕಿರುಚಿದ.

ಗಿರಿಧರನ್ ಸ್ಪ್ಯಾನರ್ ಹಿಡಿದು ಜಮಖಾನದ ಮೇಲೆ ಕಾಲೆಳೆಯುತ್ತ ಓಡಿ ಬಂದ. ಬೋಲ್ಟು ಹಾಲನ ಹೊಟ್ಟೆಯ ಎದುರಿಗಿತ್ತು, ಅದರ ಮುಂದೆ ಹೆತ್ತೆ ನಿಂತಿದ್ದರು. ಇಬ್ಬರ ನಡುವೆ ನುಸುಳಿ ಬಗ್ಗಿದ. ಟೋಪಿ ಜಾರಿ ಕಣ್ಣಿಗೆ ಬಂತು. ಕಾಣಿಸಲಿಲ್ಲವೆಂದು ಅದನ್ನು ಸರ್ರನೆ ಎಳೆದು ತೆಗೆದ.

ಹೆತ್ತೆಯ ಎದುರಿಗೆ ಈಗ ಬಾಗಿದ ತಲೆಯೊಂದಿತ್ತು. ಬಾಗಿದ ತಲೆ ಕಂಡರೆ ಕೈ ಹೋಗುವುದು ಅವರಿಗೆ ಜನ್ಮದ ಅಭ್ಯಾಸ. ಯಾರು, ಏನು ಎಂದು ನೋಡದೆ ಕೈ ಚಾಚಿದರು.

ಚಟ್!

ಹಾಲನ ತಲೆಯದಕ್ಕಿಂತ ಜೋರಾದ ಸದ್ದು. ಬಾಗಿಲ ನೆರಳಿನಲ್ಲಿ ನೀಲಿ ಕಿಡಿ ಎಲ್ಲರಿಗೂ ಕಾಣಿಸಿತು. ಮುದುಕಿಯರು, "ಆಹಾ!" ಎಂದು ಒಟ್ಟಿಗೇ ಉದ್ಗರಿಸಿದರು. ಕುನ್ನೂರಿನಾಕೆ ಆಗಲೇ ಎದ್ದು ಸಾಲಿನಲ್ಲಿ ಮೊದಲು ನಿಂತರು.

ಹೆತ್ತೆಯ ಮುಖ ಅರಳಿತು. ಗಿರಿಧರನ್ನನ ಗಲ್ಲ ಹಿಡಿದೆತ್ತಿ, ಅವನ ಜಾಕೆಟನ್ನು ನೋಡಿ, ಕೈಯಲ್ಲಿದ್ದ ಟೋಪಿಯನ್ನು ನೋಡಿ, "ನಾ ಹೇಳ್ಲಿಲ್ವಾ? ಇವನೇ ಅವ!" ಎಂದರು. "ಯಾವ ಹಟ್ಟಿ ಮಗಾ ನಿಂದು?"

ಗಿರಿಧರನ್ ತನ್ನ ಹಟ್ಟಿಯ ಹೆಸರು ಹೇಳಿದ.

"ನಮಗೆ ಸಂಬಂಧ ಆಗುವ ಹಟ್ಟಿಯೇ," ಎಂದರು ಹೆತ್ತೆ ತೃಪ್ತಿಯಿಂದ. "ಮದುವೆ ಆಗಿದ್ಯಾ?"

ಗಿರಿಧರನ್ ತಿರುಗಿ ಹಾಲನನ್ನು ನೋಡಿದ. ಆಗಿದೆ ಅನ್ನು, ಆಗಿದೆ ಅನ್ನು ಎಂದು ಹಾಲ ಹೆತ್ತೆಗೆ ಕಾಣದ ಹಾಗೆ ತುಟಿಯಾಡಿಸಿದ. ಎರಡು ಮಕ್ಕಳು ಎಂದು ಬೆರಳಿನಲ್ಲಿ ತೋರಿಸಿದ. ಗಿರಿಧರನ್ನನಿಗೆ ಎಲ್ಲವೂ ಅರ್ಥವಾಯಿತು. ಅವನ ಹಿಂದೆ ಸರಣ್ಯಾ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಳು, ಅಡುಗೆಮನೆಯಿಂದ ಕಾಫಿಯ ವಾಸನೆ ಬರುತ್ತಿತ್ತು, ಮುದುಕಿಯರ ಸಾಲು ಬೆಳೆಯುತ್ತಿತ್ತು. ಈವರೆಗೆ ಯಾವ ಮನೆಯಲ್ಲೂ ಅವನಿಗಾಗಿ ಇಷ್ಟು ಜನ ಎದ್ದು ನಿಂತಿರಲಿಲ್ಲ.

"ಇಲ್ಲ ಹೆತ್ತೇ," ಎಂದ ಗಿರಿಧರನ್.

ಹಾಲ ಅವನ ಕಾಲರಿಗೆ ಕೈ ಹಾಕಲು ಮುಂದೆ ನುಗ್ಗಿದ. ಸರಪಳಿ ಅವನನ್ನು ಹೊಸ್ತಿಲಲ್ಲೇ ಹಿಡಿದು ನಿಲ್ಲಿಸಿತು. ಗಿರಿಧರನ್ ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡ, ಟೋಪಿಯನ್ನು ಕಿವಿಯ ತನಕ ಮತ್ತೊಮ್ಮೆ ಎಳೆದುಕೊಂಡು ಸರ್ರನೆ ತೆಗೆದ, ಕುನ್ನೂರಿನಾಕೆಯ ಎದುರು ವಿನಯದಿಂದ ತಲೆ ಬಾಗಿಸಿದ.